ಹಸಿ ಆಲೂಗಡ್ಡೆಯ ನೊರೆ ಮತ್ತು ಜೀವಕೋಶದ ರಸಾಯನಶಾಸ್ತ್ರ

ಮಾಧ್ಯಮಿಕ ಶಾಲೆಯ ವಿಜ್ಞಾನ ಪಾಠದಲ್ಲಿ ಜೀವಕೋಶವೆಂದರೆ ಬಹುಮಟ್ಟಿಗೆ ಒಂದು ಚಿತ್ರವೇ ಆಗಿದ್ದು, ಕೋಶಪೊರೆ, ಕೋಶಕೇಂದ್ರ, ಮೈಟೊಕಾಂಡ್ರಿಯ ಎಂದು ಗೆರೆ ಎಳೆದು ಭಾಗಗಳನ್ನು ಗುರುತಿಸುವಲ್ಲಿಗೆ ವಿದ್ಯಾರ್ಥಿಯ ಕೆಲಸ ಮುಗಿಯುತ್ತದೆ. ಆ ಭಾಗಗಳೊಳಗೆ ಕ್ಷಣವೂ ಬಿಡುವಿಲ್ಲದೆ ನಡೆಯುವ ರಾಸಾಯನಿಕ ಕ್ರಿಯೆಗಳ ಪರಿಚಯವಿಲ್ಲದಿದ್ದರೆ ಜೀವಂತ ಕೋಶಕ್ಕೂ ಸತ್ತ ಕೋಶಕ್ಕೂ ಇರುವ ವ್ಯತ್ಯಾಸವೇ ತಿಳಿಯದೆ ಹೋಗುವುದರಿಂದ, ಇದನ್ನು ಸಣ್ಣ ಕೊರತೆಯೆಂದು ತಳ್ಳಿಹಾಕುವಂತಿಲ್ಲ.

ಕೋಶಕ್ಕೆಂದೇ ಮೀಸಲಾದ ಧಾತು ಯಾವುದೂ ಪ್ರಕೃತಿಯಲ್ಲಿ ಇಲ್ಲ. ಮನುಷ್ಯ ದೇಹದ ತೂಕದಲ್ಲಿ ಶೇಕಡಾ 96ರಷ್ಟು ಪಾಲು ಆಮ್ಲಜನಕ, ಇಂಗಾಲ, ಜಲಜನಕ ಮತ್ತು ಸಾರಜನಕ ಎಂಬ ನಾಲ್ಕೇ ಧಾತುಗಳದ್ದಾಗಿದ್ದು, ಉಳಿದದ್ದರಲ್ಲಿ ಕ್ಯಾಲ್ಸಿಯಂ, ರಂಜಕ, ಗಂಧಕ ಮೊದಲಾದವು ಸೇರುತ್ತವೆ. ಹಾಗಿದ್ದರೂ ಜೀವಿಗಳಲ್ಲಿ ದೊರೆಯುವ ವಸ್ತುಗಳನ್ನು ‘ಜೀವಶಕ್ತಿ’ಯೊಂದೇ ತಯಾರಿಸಬಲ್ಲದೆಂಬ ನಂಬಿಕೆ ಒಂದು ಕಾಲದಲ್ಲಿ ಬಲವಾಗಿತ್ತು. ಜರ್ಮನಿಯ ರಸಾಯನಶಾಸ್ತ್ರಜ್ಞ ಫ್ರೆಡ್ರಿಕ್ ವೋಲರ್, ಮೂತ್ರದಲ್ಲಿರುವ ಯೂರಿಯಾವನ್ನು ಅಮೋನಿಯಂ ಸಯನೇಟ್ ಎಂಬ ಲವಣದಿಂದ 1828ರಲ್ಲಿ ಪ್ರಯೋಗಶಾಲೆಯಲ್ಲೇ ಪಡೆದಾಗ ಆ ನಂಬಿಕೆಗೆ ಮೊದಲ ಪೆಟ್ಟು ಬಿತ್ತು.

ಕೋಶದ ತೂಕದ ಸುಮಾರು ಶೇಕಡಾ 70 ನೀರು. ಉಪ್ಪು, ಸಕ್ಕರೆಗಳನ್ನು ಕರಗಿಸಿಕೊಳ್ಳುವ ನೀರು ಕೊಬ್ಬನ್ನು ಮಾತ್ರ ಒಲ್ಲದು. ಸಾರಿನ ಮೇಲೆ ಒಗ್ಗರಣೆಯ ಎಣ್ಣೆ ಬೇರೆಯಾಗಿ ತೇಲುವುದಕ್ಕೆ ಕಾರಣವಾದ ಈ ಗುಣವೇ ಕೋಶಪೊರೆಯ ರಚನೆಗೂ ಆಧಾರ. ಪೊರೆಯಲ್ಲಿರುವ ಕೊಬ್ಬಿನ ಅಣುಗಳು ನೀರಿಗೆ ಒಗ್ಗುವ ತಲೆಗಳನ್ನು ಹೊರಕ್ಕೂ ಒಗ್ಗದ ಬಾಲಗಳನ್ನು ಒಳಕ್ಕೂ ಇಟ್ಟು ಎರಡು ಪದರಗಳಾಗಿ ತಾವಾಗಿಯೇ ಜೋಡಿಸಿಕೊಳ್ಳುವುದರಿಂದ ಕೋಶಕ್ಕೆ ಒಳಗು-ಹೊರಗು ಎಂಬ ಎಲ್ಲೆ ಏರ್ಪಡುತ್ತದೆ.

ಆ ಎಲ್ಲೆಯೊಳಗಿನ ಕೆಲಸದ ಬಹುಪಾಲು ಪ್ರೋಟೀನುಗಳದ್ದು. ಅಮೈನೋ ಆಮ್ಲಗಳೆಂಬ 20 ಬಗೆಯ ಚಿಕ್ಕ ಅಣುಗಳು ಸಾಲಾಗಿ ಪೋಣಿಸಿಕೊಂಡು, ಆ ಸರಪಳಿ ನಿರ್ದಿಷ್ಟ ರೀತಿಯಲ್ಲಿ ಮಡಚಿಕೊಂಡಾಗ ಪ್ರೋಟೀನು ಸಿದ್ಧವಾಗುತ್ತದೆ. ಮಡಿಕೆ ಕೆಟ್ಟರೆ ಕೆಲಸವೂ ಕೆಡುತ್ತದೆ. ಸರಪಳಿ ಯಾವ ಯಾವ ಕೋನಗಳಲ್ಲಿ ಬಾಗಲು ಸಾಧ್ಯವೆಂಬುದನ್ನು 1963ರಲ್ಲಿ ಮದ್ರಾಸಿನಿಂದ ಪ್ರಕಟಿಸಿದ ನಕ್ಷೆಯೊಂದರಲ್ಲಿ ತೋರಿಸಿಕೊಟ್ಟವರು ಜಿ. ಎನ್. ರಾಮಚಂದ್ರನ್ ಮತ್ತು ಅವರ ಸಹೋದ್ಯೋಗಿಗಳು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಕೆಲಸ ಮಾಡಿದ ರಾಮಚಂದ್ರನ್ ಅವರ ಹೆಸರಿನಲ್ಲೇ ಆ ನಕ್ಷೆ ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ.

ರಾಸಾಯನಿಕ ಕ್ರಿಯೆಗಳ ವೇಗವನ್ನು ಹೆಚ್ಚಿಸಿಯೂ ತಾವು ಖರ್ಚಾಗದೆ ಉಳಿಯುವ ಪ್ರೋಟೀನುಗಳಿಗೆ ಕಿಣ್ವಗಳೆಂದು ಹೆಸರು. ಇವುಗಳ ಕೆಲಸವನ್ನು ಶಿಕ್ಷಕರ ಸಮ್ಮುಖದಲ್ಲಿ ಯಾವ ತರಗತಿಯಲ್ಲಾದರೂ ಕಣ್ಣಾರೆ ಕಾಣಬಹುದು. ಔಷಧದ ಅಂಗಡಿಯಲ್ಲಿ ಸಿಗುವ ತೆಳು ಹೈಡ್ರೋಜನ್ ಪೆರಾಕ್ಸೈಡ್ ದ್ರಾವಣವನ್ನು ಹಸಿ ಆಲೂಗಡ್ಡೆಯ ಹೋಳಿನ ಮೇಲೆ ಕೆಲವು ಹನಿ ಬಿಟ್ಟರೆ, ಕೊಯ್ದ ಮುಖದ ಮೇಲೆ ಮೊದಲು ಸಣ್ಣ ಗುಳ್ಳೆಗಳೆದ್ದು, ನೋಡುತ್ತಿದ್ದಂತೆ ಬಿಳಿಯ ನೊರೆ ಉಕ್ಕುತ್ತದೆ. ಗುಳ್ಳೆಗಳಲ್ಲಿರುವುದು ಆಮ್ಲಜನಕ. ಕೋಶಗಳಲ್ಲಿ ಬೇರೆ ಕ್ರಿಯೆಗಳ ಉಪೋತ್ಪನ್ನವಾಗಿ ಹುಟ್ಟಿ ಹಾನಿ ಮಾಡಬಲ್ಲ ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುವ ಕೆಟಲೇಸ್ ಎಂಬ ಕಿಣ್ವ ಆಲೂಗಡ್ಡೆಯಲ್ಲಿ ಇದ್ದೇ ಇರುತ್ತದೆ. ಅದರ ಒಂದೊಂದು ಅಣುವೂ ಸೆಕೆಂಡಿಗೆ ಲಕ್ಷಾಂತರ ಪೆರಾಕ್ಸೈಡ್ ಅಣುಗಳನ್ನು ಒಡೆಯಬಲ್ಲದು. ಚೆನ್ನಾಗಿ ಬೇಯಿಸಿ ಆರಿಸಿದ ಹೋಳಿನ ಮೇಲೆ ಅದೇ ದ್ರಾವಣ ಬಿದ್ದರೆ ನೊರೆ ಏಳುವುದಿಲ್ಲ, ಏಕೆಂದರೆ ಕಾವಿಗೆ ಕಿಣ್ವದ ಮಡಿಕೆ ಬಿಚ್ಚಿಹೋಗಿರುತ್ತದೆ.

ಕಿಣ್ವವು ಕೆಲಸ ಮಾಡಲು ಕೋಶ ಜೀವಂತವಾಗಿರಲೇಬೇಕೆಂಬ ವಾದವನ್ನು ಜರ್ಮನಿಯ ಎಡ್ವರ್ಡ್ ಬುಕ್ನರ್ 1897ರಲ್ಲಿ ಮುರಿದರು. ಯೀಸ್ಟನ್ನು ಮರಳಿನೊಂದಿಗೆ ಅರೆದು ಹಿಂಡಿ ತೆಗೆದ ರಸದಲ್ಲಿ ಜೀವಂತ ಕೋಶಗಳಿಲ್ಲದಿದ್ದರೂ ಅದು ಸಕ್ಕರೆಯನ್ನು ಮದ್ಯಸಾರವಾಗಿ ಹುಳಿಸಿತು. ಈ ಶೋಧಕ್ಕಾಗಿ ಬುಕ್ನರ್ ಅವರಿಗೆ 1907ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಇಷ್ಟೆಲ್ಲ ಕೆಲಸಕ್ಕೆ ಶಕ್ತಿ ಎಲ್ಲಿಂದ ಬರುತ್ತದೆಂಬ ಪ್ರಶ್ನೆಗೆ ಉತ್ತರ ದೊರೆತ ಬಗೆಯನ್ನು ಭಾರತದ ಪ್ರತಿಯೊಬ್ಬ ವಿದ್ಯಾರ್ಥಿಯೂ ತಿಳಿದಿರಬೇಕು. ಆಂಧ್ರದ ಭೀಮಾವರದಲ್ಲಿ ಹುಟ್ಟಿ, ಮದ್ರಾಸಿನಲ್ಲಿ ವೈದ್ಯಶಿಕ್ಷಣ ಪಡೆದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ ಸೇರಿದ ಯಲ್ಲಾಪ್ರಗಡ ಸುಬ್ಬರಾವ್, ಸೈರಸ್ ಫಿಸ್ಕ್ ಅವರೊಡನೆ ದೇಹದ್ರವಗಳಲ್ಲಿರುವ ರಂಜಕವನ್ನು ಅಳೆಯುವ ವಿಧಾನವೊಂದನ್ನು 1925ರಲ್ಲಿ ಪ್ರಕಟಿಸಿದರು. ಈ ವಿಧಾನದಲ್ಲಿ ದ್ರಾವಣವು ನೀಲಿಗೆ ತಿರುಗುತ್ತಿದ್ದು, ನೀಲಿ ಗಾಢವಾದಷ್ಟೂ ರಂಜಕ ಹೆಚ್ಚೆಂದು ಲೆಕ್ಕ ಹಾಕಬಹುದಾಗಿತ್ತು. ಸ್ನಾಯುಗಳ ಅಧ್ಯಯನಕ್ಕೆ ಇಳಿದ ಈ ಇಬ್ಬರು 1929ರಲ್ಲಿ ಅಡಿನೋಸಿನ್ ಟ್ರೈಫಾಸ್ಫೇಟ್, ಅಂದರೆ ಎಟಿಪಿ ಎಂಬ ಅಣುವನ್ನು ಕಂಡುಹಿಡಿದರು. ಅದೇ ವರ್ಷ ಜರ್ಮನಿಯ ಕಾರ್ಲ್ ಲೋಮನ್ ಕೂಡ ಸ್ವತಂತ್ರವಾಗಿ ಇದೇ ಶೋಧ ಮಾಡಿದ್ದರು. ಇಷ್ಟು ದೊಡ್ಡ ಶೋಧದಲ್ಲಿ ಪಾಲುದಾರರಾದ ಸುಬ್ಬರಾವ್ ಅವರ ಹೆಸರು ನಮ್ಮ ಶಾಲೆಗಳಲ್ಲಿ ಅಪರೂಪಕ್ಕೂ ಕೇಳಿಬರದಿರುವುದು ನೋವಿನ ಸಂಗತಿ.

ಎಟಿಪಿಯಲ್ಲಿ ಸಾಲಾಗಿ ಮೂರು ಫಾಸ್ಫೇಟ್ ಗುಂಪುಗಳಿದ್ದು, ಕೊನೆಯದು ನೀರಿನೊಂದಿಗೆ ವರ್ತಿಸಿ ಕಳಚಿಕೊಂಡಾಗ ಬಿಡುಗಡೆಯಾಗುವ ಶಕ್ತಿಯಿಂದ ಸ್ನಾಯು ಕುಗ್ಗುತ್ತದೆ, ಪ್ರೋಟೀನುಗಳ ಸರಪಳಿ ಬೆಳೆಯುತ್ತದೆ. ಹೀಗೆ ಕಳಚಿದ ಗುಂಪನ್ನು ಮರಳಿ ಸೇರಿಸಲು ಬೇಕಾದ ಶಕ್ತಿಯನ್ನು ಮೈಟೊಕಾಂಡ್ರಿಯಗಳು ಆಹಾರದ ಗ್ಲುಕೋಸ್ ಮತ್ತು ಕೊಬ್ಬು ಉಸಿರಿನ ಆಮ್ಲಜನಕದೊಡನೆ ಹಂತಹಂತವಾಗಿ ವರ್ತಿಸುವುದರಿಂದ ಪಡೆಯುತ್ತವೆ. ವಯಸ್ಕನೊಬ್ಬನ ದೇಹ ದಿನವೊಂದಕ್ಕೆ ಹೆಚ್ಚುಕಡಿಮೆ ತನ್ನ ತೂಕದಷ್ಟೇ ಎಟಿಪಿಯನ್ನು ಬಳಸಿದರೂ, ಯಾವುದೇ ಕ್ಷಣದಲ್ಲಿ ದೇಹದಲ್ಲಿರುವ ಎಟಿಪಿ ಕೆಲವು ನೂರು ಗ್ರಾಂಗಳನ್ನು ಮೀರದಿರುವುದರಿಂದ, ಒಂದೊಂದು ಅಣುವೂ ದಿನಕ್ಕೆ ನೂರಾರು ಬಾರಿ ಒಡೆದು ಮತ್ತೆ ಕೂಡಬೇಕಾಗುತ್ತದೆ. ದಾಸ್ತಾನು ಇಷ್ಟು ಕಡಿಮೆಯಾದ ಕಾರಣ ಆಮ್ಲಜನಕದ ಪೂರೈಕೆ ನಿಂತ ಕೆಲವೇ ನಿಮಿಷಗಳಲ್ಲಿ ಮೆದುಳಿನ ಕೋಶಗಳು ಸಾಯತೊಡಗುತ್ತವೆ.