ಹಿಂದಕ್ಕೂ ಬಾಗುವ ಬೆನ್ನು

ಹಾಸನ ಸೀಮೆಯಲ್ಲಿ ಮುಂಗಾರಿನ ಆಲೂಗಡ್ಡೆ ಬಿತ್ತನೆ ಶುರುವಾಯಿತೆಂದರೆ ಹೊಲದಲ್ಲಿ ಮುಖಗಳಿಗಿಂತ ಬೆನ್ನುಗಳೇ ಹೆಚ್ಚು ಕಾಣುತ್ತವೆ. ಸಾಲು ಹಿಡಿದು ಬೀಜದ ಗಡ್ಡೆ ಊರುತ್ತ ಹೋದ ಹೆಂಗಸರು ಆ ತುದಿ ಮುಟ್ಟುವವರೆಗೆ ನೆಟ್ಟಗಾಗುವುದಿಲ್ಲ. ನಮ್ಮಜ್ಜಿ ಹೊಳೆನರಸೀಪುರದ ಕಡೆಯವಳು. ಬದು ಮುಟ್ಟಿದ ಕೂಡಲೇ ಎರಡೂ ಅಂಗೈಯನ್ನು ಸೊಂಟಕ್ಕೆ ಆನಿಸಿ, ಮುಖ ಮೇಲೆತ್ತಿ, ‘ನಡ ಬಿದ್ದೋಯ್ತು ಕಣಪ್ಪಾ’ ಎಂದು ಹಿಂದಕ್ಕೆ ವಾಲುತ್ತಿದ್ದಳು. ಎರಡು ಉಸಿರಿನಷ್ಟು ಹೊತ್ತು, ಅಷ್ಟೆ. ಮತ್ತೆ ಬಗ್ಗುತ್ತಿದ್ದಳು.

ಆ ಎರಡು ಉಸಿರಿನ ಕೆಲಸವನ್ನೇ ಲೆಕ್ಕ ಹಾಕಿ, ಹೆಸರಿಟ್ಟು, ಲೋಕಕ್ಕೆ ಕಲಿಸಿದವರೊಬ್ಬರು ಹುಟ್ಟಿದ್ದು ಹಾಸನದ ಮಗ್ಗುಲಿನ ಕೌಶಿಕದಲ್ಲಿ, 1915ರ ಗುರುಪೂರ್ಣಿಮೆಯಂದು. ಕೆ. ಪಟ್ಟಾಭಿ ಜೋಯಿಸ್. ತಂದೆ ಜ್ಯೋತಿಷ್ಯ, ಪೌರೋಹಿತ್ಯ ನೋಡಿಕೊಂಡಿದ್ದವರು. 1927ರಲ್ಲಿ, ಹನ್ನೆರಡರ ವಯಸ್ಸಿನಲ್ಲಿ, ಹಾಸನದ ಜುಬಿಲಿ ಹಾಲ್‌ನಲ್ಲಿ ಯೋಗಾಸನದ ಪ್ರದರ್ಶನವೊಂದಕ್ಕೆ ಈ ಹುಡುಗ ಹೋದ. ಆಸನ ಹಾಕಿ ತೋರಿಸಿದವರು ತಿರುಮಲೈ ಕೃಷ್ಣಮಾಚಾರ್ಯರು. ಚಿತ್ರದುರ್ಗ ಸೀಮೆಯಲ್ಲಿ ಹುಟ್ಟಿ, ಶಾಸ್ತ್ರಗಳನ್ನೆಲ್ಲ ಓದಿ, ಹೊಟ್ಟೆಪಾಡಿಗೆ ಈ ಜಿಲ್ಲೆಯ ಕಾಫಿ ತೋಟದಲ್ಲಿ ಸಂಬಳಕ್ಕೆ ದುಡಿದವರು. ಒಂದು ಆಸನದಿಂದ ಇನ್ನೊಂದಕ್ಕೆ ಅವರು ನೆಗೆಯುತ್ತಿದ್ದ ರೀತಿಗೆ ಹುಡುಗ ಮರುಳಾದ. ಮಾರನೆಯ ದಿನವೇ ಶಿಷ್ಯನಾದ. ಎರಡು ವರ್ಷ ಊರಲ್ಲೇ ಇದ್ದುಕೊಂಡು ಕಲಿತು, 1930ರಲ್ಲಿ ಎರಡು ರೂಪಾಯಿ ಜೇಬಿಗಿಟ್ಟುಕೊಂಡು ಸಂಸ್ಕೃತ ಓದಲು ಮೈಸೂರಿಗೆ ಓಡಿಹೋದ.

ಮುಂದೆ ಅವರು ಕಲಿಸಿದ್ದರಲ್ಲಿ ಮೊದಲ ಪಾಠ ಸೂರ್ಯನಮಸ್ಕಾರ. ಒಂಬತ್ತು ವಿನ್ಯಾಸ. ಏಕಂ ಎಂದರೆ ಉಸಿರು ಒಳಕ್ಕೆ, ಕೈ ಮೇಲಕ್ಕೆ. ದ್ವೇ ಎಂದರೆ ಉಸಿರು ಹೊರಕ್ಕೆ, ನಡು ಮುಂದಕ್ಕೆ. ಹೀಗೆ ಸಾಗಿ ಪಂಚ ಎನ್ನುವಾಗ ಎದೆ ಮೇಲೆದ್ದು ಬೆನ್ನು ಹಿಂದಕ್ಕೆ. ಷಟ್ ಎನ್ನುವಾಗ ಮತ್ತೆ ಸೊಂಟ ಮೇಲಕ್ಕೆ, ತಲೆ ಕೆಳಕ್ಕೆ. ಮುಂದಕ್ಕೆ ಬಾಗಿದ್ದಕ್ಕೆ ಹಿಂದಕ್ಕೆ ಬಾಗಿದ್ದು ಜಮಾ. ನನ್ನ ಮಟ್ಟಿಗೆ ಇದರ ಜಾಣತನವೆಲ್ಲ ಈ ಜಮಾಖರ್ಚಿನಲ್ಲೇ ಇದೆ.

ಯಾಕೆಂದರೆ ಹಿಂಬಾಗು ನಮಗೆ ಹುಟ್ಟಿನಿಂದ ಬಂದದ್ದಲ್ಲ. ಬಸಿರಿನಲ್ಲಿರುವ ಕೂಸಿನ ಬೆನ್ನು ಇಡಿಯಾಗಿ ಬಿಲ್ಲಿನಂತೆ ಒಂದೇ ಕಡೆಗೆ ಬಾಗಿರುತ್ತದೆ. ಕೂಸು ಕತ್ತು ನಿಲ್ಲಿಸಿದಾಗ ಕತ್ತಿನ ಹಿಂಬಾಗು ಮೂಡುತ್ತದೆ. ಕೂತು, ನಿಂತು, ತಪ್ಪುಹೆಜ್ಜೆ ಹಾಕುವಾಗ ಸೊಂಟದ್ದು. ಒಟ್ಟು 33 ಮೂಳೆಮಣಿಗಳಲ್ಲಿ ಕೊನೆಯ ಒಂಬತ್ತು ದೊಡ್ಡವರಾಗುವ ಹೊತ್ತಿಗೆ ಬೆಸೆದುಹೋಗಿ, ಅಲುಗಾಡುವವು 24 ಉಳಿಯುತ್ತವೆ: ಕತ್ತಿನಲ್ಲಿ ಏಳು, ಎದೆಯ ಹಿಂದೆ ಹನ್ನೆರಡು, ಸೊಂಟದಲ್ಲಿ ಐದು. ಮಣಿಗಳ ನಡುವೆ 23 ಮೆತ್ತೆ. ನಾವು ‘ಡಿಸ್ಕ್ ಜರುಗಿದೆ’ ಅನ್ನುವುದು ಇವುಗಳಲ್ಲೊಂದನ್ನೇ, ಆದರೆ ಅದು ಎಲ್ಲಿಗೂ ಜರುಗಿರುವುದಿಲ್ಲ. ಹೊರಗೆ ಗಟ್ಟಿ ನಾರಿನ ಬಳೆ, ಒಳಗೆ ನೀರು ಹೀರಿದ ಲೋಳೆಯಂಥ ತಿರುಳು. ನಾರು ಸೀಳಿದರೆ ತಿರುಳು ಹಿಂದಕ್ಕೆ ಉಬ್ಬಿ ನರವನ್ನು ಒತ್ತುತ್ತದೆ. ಹಗಲೆಲ್ಲ ಭಾರಕ್ಕೆ ನೀರು ಹಿಂಗಿ, ರಾತ್ರಿ ಮಲಗಿದಾಗ ಮತ್ತೆ ತುಂಬಿಕೊಳ್ಳುತ್ತದೆ. ಬೆಳಿಗ್ಗೆ ಎಲ್ಲರೂ ಒಂದು ಸೆಂಟಿಮೀಟರಿನಷ್ಟಾದರೂ ಎತ್ತರ ಹೆಚ್ಚಿರುವುದು ಇದರಿಂದಲೇ.

ತಿರುಚುವ ಕೆಲಸ ಸೊಂಟಕ್ಕೆ ಒಗ್ಗುವುದಿಲ್ಲ. ಅಲ್ಲಿನ ಕೀಲುಗಳು ಬಾಗಿಲ ಚಿಲಕದಂತೆ ಅಡ್ಡ ನಿಂತಿವೆ. ಒಂದೊಂದೂ ಬಿಡುವುದು ಒಂದೆರಡು ಡಿಗ್ರಿ ಮಾತ್ರ. ತಿರುಗುವುದೆಲ್ಲ ಎದೆಭಾಗ ಮತ್ತು ಕತ್ತು. ಕತ್ತಿನಲ್ಲೂ ಅರ್ಧದಷ್ಟು ತಿರುವು ಮೇಲಿನ ಎರಡೇ ಮಣಿಗಳ ನಡುವಿನದು. ಚನ್ನರಾಯಪಟ್ಟಣದ ಕಡೆ ಕಾಯಿ ಸುಲಿಯುವವರು ಗೂಟದ ಮುಂದೆ ಬಗ್ಗಿ, ಒತ್ತಿ, ಹೊರಳಿಸುವುದನ್ನು ನೋಡಿದಾಗಲೆಲ್ಲ ನನ್ನ ಸೊಂಟವೇ ಚುಳುಕ್ ಅನ್ನುತ್ತದೆ.

ಅರಕಲಗೂಡಿನ ಹೊಗೆಸೊಪ್ಪಿನ ಹೊಲದ್ದು ಬೇರೆ ಕಷ್ಟ. ಸೊಪ್ಪು ಬುಡದಿಂದ ಹಣ್ಣಾಗುತ್ತ ಬರುವುದರಿಂದ ಮೊದಲ ಮುರಿತವೆಲ್ಲ ಮೊಣಕಾಲಿನ ಕೆಳಗೆ. ಬಗ್ಗಿಯೇ ಇದ್ದರೆ ಬೆನ್ನಿನ ಸ್ನಾಯುಗಳು ಕೆಲಸ ಬಿಟ್ಟು ಭಾರವನ್ನು ಕಟ್ಟುನಾರುಗಳ ಮೇಲೆ ಹಾಕುತ್ತವೆ, ನಾರು ಮೆಲ್ಲಗೆ ಸಡಿಲವಾಗುತ್ತದೆ. ಹೊರೆ ಎತ್ತುವುದು ಬೇಸಾಯದಲ್ಲಿ ಯಾವಾಗಲೂ ಹೀಗೆ ಸಡಿಲವಾದ ಬೆನ್ನಿನ ಮೇಲೆಯೇ, ಸಂಜೆಗೆ.

ಓಡಿಹೋದ ಹುಡುಗನ ಕಥೆಗೆ ಮರಳಿದರೆ, ಮೈಸೂರಿನಲ್ಲಿ ಕೃಷ್ಣಮಾಚಾರ್ಯರೂ ಜೋಯಿಸರೂ ಮತ್ತೆ ಸೇರಿದರು. ಅರಮನೆಯ ಆಶ್ರಯದಲ್ಲಿ 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಶುರುವಾಯಿತು. ಜೋಯಿಸರು ಸಂಸ್ಕೃತ ಪಾಠಶಾಲೆಯಲ್ಲಿ 1937ರಿಂದ 1973ರವರೆಗೆ ಯೋಗ ಕಲಿಸಿದರು. 1962ರಲ್ಲಿ ಅವರ ‘ಯೋಗಮಾಲಾ’ ಪ್ರಕಟವಾಯಿತು, ಕನ್ನಡದಲ್ಲಿ. ತಾವು ಕಲಿಸುವುದೆಲ್ಲ ‘ಯೋಗ ಕೊರುಂಟ’ ಎಂಬ ಹಳೆಯ ಓಲೆಗರಿಯದು ಎನ್ನುತ್ತಿದ್ದರು. ಆ ಗರಿಯನ್ನು ಯಾರೂ ಮುಂದಿಟ್ಟು ತೋರಿಸಿಲ್ಲ. ಅರಮನೆಯ ಗರಡಿ, ವ್ಯಾಯಾಮಗಳ ಗಾಳಿಯೂ ಇದಕ್ಕೆ ಸೋಕಿದೆ ಎಂದು ಸಂಶೋಧಕ ನಾರ್ಮನ್ ಶೋಮನ್ 1996ರಲ್ಲಿ ವಾದಿಸಿದರು. ನನಗೆ ಅದು ಹೆಚ್ಚು ನಂಬುವಂತೆ ಕಾಣುತ್ತದೆ. 1975ರಲ್ಲಿ ಜೋಯಿಸರು ಕ್ಯಾಲಿಫೋರ್ನಿಯಾಕ್ಕೆ ಹೋದರು. ಮೈಸೂರಿನ ಗೋಕುಲಂ ಬಡಾವಣೆ ಪರದೇಶದವರಿಂದ ತುಂಬಿತು. 2009ರಲ್ಲಿ ತೀರಿಕೊಂಡರು. ಆಸನ ಸರಿಮಾಡುವ ನೆಪದಲ್ಲಿ ಅವರು ಮೈಮುಟ್ಟಿದ ಬಗೆಯನ್ನು ಹಲವು ಶಿಷ್ಯೆಯರು ಆಮೇಲೆ ಬಹಿರಂಗವಾಗಿ ದೂರಿದರು. 2019ರಲ್ಲಿ ಮೊಮ್ಮಗ ಶರತ್ ಕ್ಷಮೆ ಕೇಳಿದರು. ಕೌಶಿಕದ ಕಥೆ ಹೇಳುವಾಗ ಇದನ್ನು ನುಂಗಿಕೊಳ್ಳುವುದು ಸರಿಯಲ್ಲ.

ಹಿಂಬಾಗಿನ ಗುಟ್ಟು ಆಸ್ಪತ್ರೆಗೆ ಬಂದದ್ದು ಬೇರೆ ದಾರಿಯಿಂದ. 1956ರಲ್ಲಿ ನ್ಯೂಜಿಲೆಂಡಿನ ಫಿಸಿಯೋಥೆರಪಿಸ್ಟ್ ರಾಬಿನ್ ಮೆಕೆಂಜಿಯವರ ರೋಗಿಯೊಬ್ಬ, ತಲೆಯ ಕಡೆ ಎತ್ತಿಟ್ಟಿದ್ದ ಮಂಚದ ಮೇಲೆ ಗೊತ್ತಿಲ್ಲದೆ ಬೋರಲು ಮಲಗಿಬಿಟ್ಟ. ಬೆನ್ನು ಚೆನ್ನಾಗಿ ಹಿಂದಕ್ಕೆ ಬಾಗಿತ್ತು. ವಾರಗಟ್ಟಲೆ ಬಿಡದ ಕಾಲುನೋವು ಕೆಲವೇ ನಿಮಿಷದಲ್ಲಿ ಇಳಿದಿತ್ತು. ಎಲ್ಲ ಬೆನ್ನಿಗೂ ಇದು ಒಗ್ಗುವುದಿಲ್ಲ, ನರದ ದಾರಿ ಕಿರಿದಾದ ವಯಸ್ಸಾದವರಿಗೆ ನೋವು ಹೆಚ್ಚಲೂಬಹುದು. ಆದರೂ ಸೊಂಟನೋವಿಗೆ ಈಗ ಹೇಳಿಕೊಡುವ ಅಭ್ಯಾಸಗಳಲ್ಲಿ ಇದೂ ಒಂದು.

ಮೊನ್ನೆ ಹಾಸನದ ಫಿಸಿಯೋಥೆರಪಿ ಕೋಣೆಯೊಂದರಲ್ಲಿ ಅರಕಲಗೂಡಿನ ಕಡೆಯ ಹೆಂಗಸೊಬ್ಬರು ಬೋರಲು ಮಲಗಿ, ಅಂಗೈ ಊರಿ, ಎದೆ ಎತ್ತುತ್ತಿದ್ದರು. ಕೈಬಳೆ ಹಾಸಿಗೆಯ ರೆಕ್ಸಿನ್‌ಗೆ ಸಿಕ್ಕಿಕೊಳ್ಳುತ್ತಿತ್ತು.

‘ಹತ್ತು ಸಲ ಮಾಡಿ ಅಕ್ಕ’ ಎಂದಳು ಕಲಿಸುವ ಹುಡುಗಿ.

‘ದಿನಕ್ ಹತ್ತಾ, ಇಲ್ಲಾ ಒಂದೊಂದ್ ಸಾಲಿಗೂ ಹತ್ತಾ?’