'ಡ್ರೈ' ಎಂದರೆ 'ಒಣ'ವೇ? – ಶೆರಿಯ ಎರಡು ಬಗೆಗಳನ್ನು ಕುರಿತು

ಬ್ರಿಟಿಷರ ಕಾಲದ ಇಂಗ್ಲಿಷ್ ಪಾಕಗ್ರಂಥವೊಂದರ ಕೆಲವು ಪುಟಗಳನ್ನು ಕನ್ನಡಿಸುತ್ತಿದ್ದ, ಲಕಮನಹಳ್ಳಿಯಿಂದ ಬರುವ ನಮ್ಮ ವಿದ್ಯಾರ್ಥಿಯೊಬ್ಬರು 'ಡ್ರೈ ಶೆರಿ' ಎಂಬುದನ್ನು 'ಒಣದ್ರಾಕ್ಷಿಯ ಮದ್ಯ' ಎಂದು ಬರೆದಿದ್ದರು. ವಿಜಯಪುರದ ಒಣದ್ರಾಕ್ಷಿಯನ್ನು ಬಲ್ಲ ನಮ್ಮ ಕಡೆಯವರಿಗೆ ಹಾಗೆ ತೋರುವುದು ಸಹಜವೇ ಸರಿ. ಆದರೆ ವಸ್ತುಸ್ಥಿತಿ ಇದಕ್ಕೆ ತೀರ ವಿರುದ್ಧವಾಗಿದೆ. ಒಣಗಿಸಿದ ದ್ರಾಕ್ಷಿಯಿಂದ ಆಗುವುದು ಅತ್ಯಂತ ಸಿಹಿಯಾದ ಶೆರಿ. 'ಡ್ರೈ' ಎನಿಸಿಕೊಳ್ಳುವುದು ಹಸಿ ದ್ರಾಕ್ಷಿಯದು. ಈ ತೊಡಕನ್ನು ಬಿಡಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಶೆರಿಯ ತವರು ದಕ್ಷಿಣ ಸ್ಪೇನಿನ ಹೆರೆಸ್ ಪಟ್ಟಣ. ಅರಬರ ಆಳಿಕೆಯಲ್ಲಿ ಇದಕ್ಕೆ 'ಶರೀಶ್' ಎಂಬ ಹೆಸರಿತ್ತು. ಇಂಗ್ಲಿಷರ 'ಶೆರಿ' ಅದರ ರೂಪಾಂತರ. 1587ರಲ್ಲಿ ಫ್ರಾನ್ಸಿಸ್ ಡ್ರೇಕನು ಕಾಡಿಸ್ ಬಂದರಿನ ಮೇಲೆ ದಾಳಿಯಿಟ್ಟಾಗ ಸುಮಾರು 2,900 ಪೀಪಾಯಿ ಶೆರಿಯನ್ನು ಕೊಂಡೊಯ್ದನೆಂಬುದು ಪ್ರಸಿದ್ಧವಾಗಿದೆ. ಇಂಗ್ಲಿಷರ ಹಡಗುಗಳೊಂದಿಗೆ ಅದು ಹಿಂದುಸ್ಥಾನಕ್ಕೂ ಬಂದಿತು. ಇಲ್ಲಿಯ ತನಕ ಪಯಣಿಸಿ ಮರಳಿದ ಪೀಪಾಯಿಗಳ ಶೆರಿ ಹೆಚ್ಚು ಮೃದುವಾಗುವುದೆಂಬ ನಂಬುಗೆಯಿಂದ 'ಈಸ್ಟ್ ಇಂಡಿಯಾ' ಎಂಬ ಒಂದು ಸಿಹಿ ಬಗೆಗೇ ಹೆಸರು ಬಿದ್ದಿತು.

ಇನ್ನು ಭೇದದ ಮೂಲಕ್ಕೆ ಬರೋಣ. ದ್ರಾಕ್ಷಾರಸ ಹುಳಿತಾಗ ಅದರೊಳಗಿನ ಸಕ್ಕರೆಯನ್ನು ಕಿಣ್ವಜೀವಿಗಳು ಮದ್ಯಸಾರವಾಗಿ ಮಾರ್ಪಡಿಸುತ್ತವೆ. ಸಕ್ಕರೆಯೆಲ್ಲ ತೀರುವ ತನಕ ಈ ಕ್ರಿಯೆ ನಡೆದರೆ ಸಿಹಿ ಉಳಿಯುವುದಿಲ್ಲ. ಇದೇ 'ಡ್ರೈ' ಎಂಬುದರ ಅರ್ಥ. ಪಲೊಮಿನೊ ಎಂಬ ಬಿಳಿ ದ್ರಾಕ್ಷಿಯ ರಸವನ್ನು ಹೀಗೆ ಪೂರ್ಣವಾಗಿ ಹುಳಿಸಿ, ಅನಂತರ ದ್ರಾಕ್ಷಿಯದೇ ಮದ್ಯಸಾರವನ್ನು ಬೆರೆಸುತ್ತಾರೆ. ಒಟ್ಟು ಮದ್ಯಸಾರ ಶೇಕಡಾ 15ರಷ್ಟಿದ್ದರೆ ಮೇಲೆ ಕಿಣ್ವದ ತೆಳುಪದರವೊಂದು ಬೆಳೆದು ರಸವನ್ನು ಗಾಳಿಯಿಂದ ಕಾಯುತ್ತದೆ. ಅದು ತಿಳಿಬಣ್ಣದ 'ಫೀನೊ'. ಶೇಕಡಾ 17ಕ್ಕೆ ಏರಿಸಿದರೆ ಆ ಪದರ ಬದುಕಲಾರದು, ಗಾಳಿ ತಗುಲಿ ರಸ ಕಂದುಬಣ್ಣಕ್ಕೆ ತಿರುಗುತ್ತದೆ, ಅದು 'ಒಲೊರೊಸೊ'. ಇವೆರಡರಲ್ಲಿಯೂ ಸಕ್ಕರೆ ಸಾಮಾನ್ಯವಾಗಿ ಲೀಟರಿಗೆ 5 ಗ್ರಾಮನ್ನು ಮೀರದು. ಆದ್ದರಿಂದ ಬಣ್ಣ ಕಪ್ಪಾದ ಮಾತ್ರಕ್ಕೆ ಶೆರಿ ಸಿಹಿಯೆಂದು ಭಾವಿಸತಕ್ಕದ್ದಲ್ಲ.

ಸಿಹಿ ಶೆರಿಯ ದಾರಿ ಬೇರೆ. ಪೆದ್ರೊ ಹಿಮೆನೆಸ್ ಎಂಬ ತಳಿಯ ಗೊಂಚಲುಗಳನ್ನು ಚಾಪೆಗಳ ಮೇಲೆ ಹರವಿ ಬಿಸಿಲಿನಲ್ಲಿ ಬಾಡಿಸುತ್ತಾರೆ. ನೀರಿನಂಶ ಆರಿ ಸಕ್ಕರೆ ಸಾಂದ್ರವಾಗುತ್ತದೆ. ಹುಳಿಯುವಿಕೆ ಮುಗಿಯುವ ಮೊದಲೇ ಮದ್ಯಸಾರ ಸೇರಿಸಿ ಅದನ್ನು ತಡೆಯುತ್ತಾರೆ. ಇದರಲ್ಲಿ ಲೀಟರಿಗೆ 212 ಗ್ರಾಮಿಗೆ ಕಡಿಮೆಯಿಲ್ಲದಂತೆ ಸಕ್ಕರೆಯಿರಬೇಕೆಂಬುದು ಅಲ್ಲಿಯ ನಿಯಮ. 'ಕ್ರೀಮ್' ಎಂಬುದು ಒಲೊರೊಸೊಗೆ ಇಂಥ ಸಿಹಿ ರಸವನ್ನು ಬೆರೆಸಿದ ಮಿಶ್ರಣ. ಹೆಸರಿನಂತೆ ಅದರಲ್ಲಿ ಕೆನೆಯೇನೂ ಇಲ್ಲ.

ಬಳಕೆಯ ಭೇದವೂ ಇದರಿಂದಲೇ ಹುಟ್ಟಿದೆ. ಫೀನೊವನ್ನು ತಣ್ಣಗೆ ಮಾಡಿ, ಊಟಕ್ಕೆ ಮುನ್ನ ಬಾದಾಮಿ, ಆಲಿವ್, ಮೀನುಗಳೊಡನೆ ಕುಡಿಯುವ ರೂಢಿಯುಂಟು. ಸೀಸೆ ತೆರೆದ ಮೇಲೆ ಅದು ಹೆಚ್ಚು ದಿನ ನಿಲ್ಲದು. ಸಿಹಿ ಶೆರಿ ಊಟದ ಕೊನೆಯದು. ಅಡಿಗೆಯಲ್ಲಿ ಸೂಪು, ಮೀನು, ಅಣಬೆಗಳಿಗೆ ಸಿಹಿಯಿಲ್ಲದ್ದೇ ಸಲ್ಲುತ್ತದೆ. ಹಣ್ಣು, ಟ್ರೈಫಲ್, ಐಸ್‌ಕ್ರೀಮುಗಳಿಗೆ ಸಿಹಿಯದು. ಕುದಿಸಿದಾಗ ಮದ್ಯಸಾರದ ಬಹುಭಾಗ ಆವಿಯಾಗಬಹುದು. ಸಕ್ಕರೆಯಾದರೋ ಉಳಿದು ಇನ್ನಷ್ಟು ಗಟ್ಟಿಯಾಗುತ್ತದೆ. ಒಂದರ ಬದಲು ಇನ್ನೊಂದನ್ನು ಹಾಕುವುದು ಸಾರಿಗೆ ಹುಣಿಸೆಯ ಬದಲು ಬೆಲ್ಲ ಹಾಕಿದಂತೆಯೇ ಸರಿ. ಸ್ವಲ್ಪ ಹೊತ್ತು ಬೇಯಿಸಿದ ಮಾತ್ರಕ್ಕೆ ಮದ್ಯಸಾರ ಪೂರ್ಣ ಹೋಗದೆಂಬುದನ್ನು ವ್ರತದಿಂದಲೋ ವೈದ್ಯರ ಮಾತಿನಿಂದಲೋ ಅದನ್ನು ಬಿಟ್ಟವರು ನೆನಪಿಡತಕ್ಕದ್ದು.

ನಮ್ಮ ಪ್ರಾಚೀನರು ಮದ್ಯಗಳನ್ನು ವಿಂಗಡಿಸಿದ ಕ್ರಮ ಬೇರೆ. ಮೂಲದ್ರವ್ಯ ಹಾಗೂ ಸಂಸ್ಕಾರಗಳೇ ಅವರಿಗೆ ಮುಖ್ಯ. ಕಬ್ಬಿನ ರಸವನ್ನು ಕಾಯಿಸಿ ಮಾಡಿದ ಸೀಧು 'ಪಕ್ವರಸ', ಕಾಯಿಸದೆ ಮಾಡಿದ್ದು 'ಶೀತರಸ'. ಆದಕಾರಣ 'ಡ್ರೈ' ಎಂಬುದಕ್ಕೆ ಸಮನಾದ ಶಬ್ದವನ್ನು ಅಲ್ಲಿ ಹುಡುಕುವುದು ಸುಲಭವಲ್ಲ. ಅಲ್ಲಿಯೂ ಇಂಥದೇ ತೊಡಕು ಉಂಟೆಂಬುದು ಗಮನಾರ್ಹ. ಕೌಟಿಲ್ಯನ ಅರ್ಥಶಾಸ್ತ್ರದ ಸುರಾಧ್ಯಕ್ಷ ಪ್ರಕರಣದಲ್ಲಿ 'ಮಧು' ಎಂದರೆ ಜೇನಲ್ಲ, ದ್ರಾಕ್ಷಾಮದ್ಯ. ನಾಡಿನ ಹೆಸರಿನಿಂದ ಅದನ್ನು ಕಾಪಿಶಾಯನ, ಹಾರಹೂರಕ ಎಂದೂ ಕರೆದಿದೆ. ಅಲ್ಲಿ 'ಜೇನು' ಎಂದು ಬರೆದರೆ, ವಾಯವ್ಯದ ದ್ರಾಕ್ಷಿತೋಟಗಳೊಡನೆ ಇದ್ದ ಸಂಬಂಧದ ಒಂದು ಸಾಕ್ಷ್ಯವೇ ಅಳಿಸಿಹೋಗುತ್ತದೆ.

2007ರಲ್ಲಿ ಕರ್ನಾಟಕ ಸರಕಾರವು ದ್ರಾಕ್ಷಿ ಸಂಸ್ಕರಣೆ ಹಾಗೂ ದ್ರಾಕ್ಷಾಮದ್ಯದ ನೀತಿಯನ್ನು ಹೊರಡಿಸಿತು. ಅಂದ ಮೇಲೆ ಈ ಶಬ್ದಗಳು ಹಳೆಯ ಪುಸ್ತಕಗಳ ಪಾಲಿಗೆ ಮಾತ್ರ ಸೇರಿದವಲ್ಲ. ನಮ್ಮ ಕಡತಗಳಿಗೂ ಬರತಕ್ಕವು. 'ಡ್ರೈ ಶೆರಿ'ಗೆ 'ಸಿಹಿಯಿಲ್ಲದ ಶೆರಿ' ಎಂದರೆ ಸಾಕು. ವಸ್ತು ತಯಾರಾಗುವ ಬಗೆಯನ್ನು ತಿಳಿಯದೆ ನಿಘಂಟನ್ನಷ್ಟೇ ನೆಚ್ಚಿದರೆ ಅಡಿಗೆಯೂ ಕೆಡುತ್ತದೆ, ಇತಿಹಾಸವೂ ಕೆಡುತ್ತದೆ.