ಬೆಟ್ಟದ ನೆಲ್ಲಿ ಭರಣಿಗೆ ಇಳಿಯುವ ದಿನಗಳು

ದೊಡ್ಡಬ್ಬದ, ಅಂದರೆ ದೀಪಾವಳಿಯ, ಗೋಪೂಜೆ ಮುಗಿಯಿತೆಂದರೆ ನಮ್ಮ ಮನೆಯಲ್ಲಿ ಮೆತ್ತಿನ ಮೇಲಿನ ಭರಣಿಗಳು ಕೆಳಗಿಳಿಯುತ್ತವೆ. ಆಯಿ ಅವನ್ನು ಸೀಗೆಪುಡಿ ಹಾಕಿ ತಿಕ್ಕಿ ತೊಳೆದು, ಅಂಗಳದ ಬಿಸಿಲಿಗೆ ಬೋರಲು ಹಾಕುತ್ತಾಳೆ. ಅಪ್ಪಯ್ಯ ದೋಟಿಗೆ ಹೊಸ ಕೊಕ್ಕೆ ಕಟ್ಟುತ್ತಾನೆ. ಅಡಿಕೆ ಕೊನೆಕೊಯ್ಲು ಬಾಗಿಲಿಗೆ ಬಂದು ನಿಂತಿರುತ್ತದೆ. ಅದು ಶುರುವಾದರೆ ಯಾರಿಗೂ ಪುರುಸೊತ್ತಿಲ್ಲ. ನೆಲ್ಲಿಯ ಕೆಲಸಕ್ಕೆ ಸಿಗುವುದು ಆ ನಡುವಿನ ಹತ್ತು ಹನ್ನೆರಡು ದಿನ ಮಾತ್ರ.

ಶಿರಸಿ ಸೀಮೆಯಲ್ಲಿ ಅಡಿಕೆ ತೋಟದ ಜೊತೆಗೆ ಸೊಪ್ಪಿನ ಬೆಟ್ಟವೂ ಇರುತ್ತದೆ. ತೋಟಕ್ಕೆ ಸೊಪ್ಪು, ದರಕು (ತರಗೆಲೆ) ತಂದುಕೊಳ್ಳಲೆಂದು ಬ್ರಿಟಿಷರ ಕಾಲದಿಂದ ಎಕರೆ ತೋಟಕ್ಕೆ 9 ಎಕರೆಯವರೆಗೆ ಬಿಟ್ಟುಕೊಟ್ಟ ಕಾಡು ಅದು. ಬಿಸಿಲು ಬೀಳುವ ಅದರ ಇಳಿಜಾರಿನಲ್ಲಿ ನೆಲ್ಲಿ ತಾನಾಗಿಯೇ ಬೆಳೆಯುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಹೂ ಬಿಟ್ಟು ಕಾಯಿ ಕಚ್ಚಿದರೂ ಆ ಮಿಡಿ ಬೇಸಿಗೆಯಿಡೀ ಬೆಳೆಯದೆ ಮಲಗಿರುತ್ತದೆ. ಮಳೆಗಾಲ ಅರ್ಧ ಕಳೆದು ಆಗಸ್ಟ್ ಬಂದಾಗಲೇ ಅದು ಎಚ್ಚೆತ್ತು ಉಬ್ಬತೊಡಗುವುದು. ಕಾರ್ತಿಕದ ಹೊತ್ತಿಗೆ ಕಾಯಿಯ ಮೈಮೇಲಿನ ಆರು ಗೆರೆಗಳು ಸ್ಪಷ್ಟವಾಗಿ, ಹಸಿರು ತಿಳಿಯಾಗುತ್ತದೆ. ಕೊಯ್ಯುವ ಕಾಲ ಅದೇ.

ನೆಲ್ಲಿಯ ಟೊಂಗೆ ಬಲು ಪೆಡಸು. ಹತ್ತಿದರೆ ಮುರಿಯುತ್ತದೆ, ಜಗ್ಗಿದರೂ ಮುರಿಯುತ್ತದೆ. ಹಾಗಾಗಿ ಟೊಂಗೆಯನ್ನೇ ಕಡಿದು ಕೆಡವಿ, ನೆಲದ ಮೇಲೆ ಕುಳಿತು ಕಾಯಿ ಬಿಡಿಸಿಕೊಳ್ಳುವವರು ಬಹಳ ಮಂದಿ. ಗಳಿಗೆಯಲ್ಲಿ ಚೀಲ ತುಂಬುತ್ತದೆ ನಿಜ. ಆದರೆ ಕಡಿದ ಕಡೆ ಮತ್ತೆ ಟೊಂಗೆಯೊಡೆದು ಕಾಯಿ ಹಿಡಿಯಲು ವರ್ಷಗಳು ಬೇಕು. ನಮ್ಮ ಮನೆಯ ಮಕ್ಕಳು ದೋಟಿ ಹಿಡಿದ ದಿನದಿಂದ ಕೇಳುತ್ತ ಬಂದ ಮಾತು ಒಂದೇ: “ಟೊಂಗೆ ಮುರಿಯಡ ತಮಾ, ಬರೋ ವರ್ಷಕ್ಕೂ ಮರ ಬೇಕಲಾ.” ಕೊಕ್ಕೆಯಿಂದ ಮೆಲ್ಲಗೆ ಅಲುಗಿಸಿ, ಕೆಳಗೆ ಹಾಸಿದ ಹಳೆಯ ಸೀರೆಯ ಮೇಲೆ ಬೀಳಿಸುತ್ತೇವೆ. ಕಲ್ಲಿನ ಮೇಲೆ ಬಿದ್ದು ಪೆಟ್ಟಾದ ಕಾಯಿ ಭರಣಿಗೆ ಸಲ್ಲದು. ಅದು ಅಂದಿನ ಗೊಜ್ಜಿಗೆ.

ತುದಿಯ ಕಾಯಿಗಳನ್ನು ಹಾಗೆಯೇ ಬಿಡುತ್ತೇವೆ. ಉದುರಿದ ನೆಲ್ಲಿಯನ್ನು ಜಿಂಕೆ, ಕಡವೆಗಳು ಇಡಿಯಾಗಿ ನುಂಗುತ್ತವೆ. ಆಮೇಲೆ ಎಲ್ಲೋ ನೆರಳಿನಲ್ಲಿ ಮಲಗಿ ಮೆಲುಕು ಹಾಕುವಾಗ ಗಟ್ಟಿ ಓಟೆಯನ್ನು ಉಗುಳುತ್ತವೆ. ಕಾಡಿನಲ್ಲಿ ಹೊಸ ನೆಲ್ಲಿಗಿಡ ಹುಟ್ಟಲು ಅದೊಂದು ದಾರಿ.

ಭರಣಿಗೆ ಮೊದಲು ಹೋಗುವುದು ಉಪ್ಪುನೀರಿನ ನೆಲ್ಲಿ. ಕಾಯಿಯನ್ನು ತೊಳೆದು, ಬಟ್ಟೆಯ ಮೇಲೆ ಹರಡಿ, ಪಸೆ ಆರಿಸಬೇಕು. ಲೀಟರ್ ನೀರಿಗೆ 150 ಗ್ರಾಂ ಕಲ್ಲುಪ್ಪು ನಮ್ಮ ಮನೆಯ ಅಳತೆ. ಕುದಿಸಿ, ಸೋಸಿ, ಪೂರ್ತಿ ತಣಿದ ಮೇಲೆಯೇ ಕಾಯಿಯ ಮೇಲೆ ಹೊಯ್ಯುವುದು. ಜೊತೆಗೆ ನಾಲ್ಕು ಸೀಳಿದ ಹಸಿಮೆಣಸು. ಕಾಯಿ ತೇಲಿದರೆ ಬೂಸಲು ಹಿಡಿಯುತ್ತದೆ, ಅದಕ್ಕೆ ಹೊಳೆಯಿಂದ ತಂದ ನುಣುಪು ಕಲ್ಲನ್ನು ಮೇಲಿಡುತ್ತೇವೆ. ಉಪ್ಪು ಗೋಕರ್ಣದ ಬಳಿಯ ಸಾಣಿಕಟ್ಟಾದ್ದು, ಮಳೆಗೆ ಮುಂಚೆಯೇ ತಂದು ಕಟ್ಟಿಟ್ಟದ್ದು. ಬೆಟ್ಟದ ನೆಲ್ಲಿಯನ್ನೂ ಸಮುದ್ರದ ಉಪ್ಪನ್ನೂ ಅಲ್ಲಮಪ್ರಭು ವಚನವೊಂದರಲ್ಲಿ ಒಟ್ಟಿಗೆ ತಂದಿದ್ದಾನೆ. ಘಟ್ಟದ ಮೇಲಿನ ಅಡುಗೆಮನೆಯಲ್ಲಿ ಆ ಎರಡೂ ಕಾರ್ತಿಕಕ್ಕೊಮ್ಮೆ ಹೀಗೆ ಸೇರುತ್ತವೆ.

ನೆಲ್ಲಿಗೆ ಕಬ್ಬಿಣ ತಾಗಬಾರದು. ಕಾಯಿಯ ಒಗರಿನ ಅಂಶ ಕಬ್ಬಿಣದೊಡನೆ ಸೇರಿದರೆ ಕಪ್ಪಾಗುತ್ತದೆ. ಕೂದಲು ಕಪ್ಪಾಗಲೆಂದು ನೆಲ್ಲಿಪುಡಿಯನ್ನು ಕಬ್ಬಿಣದ ಬಾಣಲೆಯಲ್ಲಿ ನೆನೆಸಿಡುವುದೂ ಇದೇ ಕಾರಣಕ್ಕೆ. ಒಂದು ವರ್ಷ ಅವಸರದಲ್ಲಿ ಕಬ್ಬಿಣದ ಹಾರೆಯಿಂದ ಕಾಯಿ ಜಜ್ಜಿ, ಇಡೀ ಒರಳು ಚಟ್ಟು ಮಸಿಯಂತಾಗಿತ್ತು. ಈಗ ಮರದ ಒನಕೆಯೇ.

ಚಟ್ಟು ನಮ್ಮ ಮನೆಗೆ ಬಂದದ್ದು ಅತ್ತಿಗೆಯ ಜೊತೆ, ಧಾರವಾಡದಿಂದ. ನೆಲ್ಲಿಯನ್ನು ಜಜ್ಜಿ ಓಟೆ ತೆಗೆದು, ಹಸಿಮೆಣಸು, ಉಪ್ಪು, ಅರಿಸಿನದೊಡನೆ ಕುಟ್ಟಿ ಮೂರು ದಿನ ಮುಚ್ಚಿಡುತ್ತಾಳೆ. ನಾಲ್ಕನೆಯ ದಿನ ಹುರಿದ ಮೆಂತ್ಯದ ಪುಡಿ, ಇಂಗಿನ ಒಗ್ಗರಣೆ. ಅವಳ ಊರಲ್ಲಿ ಅದಕ್ಕೆ ಜೊತೆ ಜೋಳದ ರೊಟ್ಟಿ, ಇಲ್ಲಿ ಗಂಜಿ ಊಟ. ಆಯಿಯ ಪಾಲಿನದು ಒಣನೆಲ್ಲಿ. ಬೇಯಿಸಿ ಎಸಳು ಬಿಡಿಸಿ, ಉಪ್ಪು ಸವರಿ ಬಿಸಿಲಿಗಿಡುತ್ತಾಳೆ. ಬೆಳಗಿನ ಇಬ್ಬನಿ ಆರುವವರೆಗೆ ಚಾಪೆ ಹೊರಗೆ ಬರುವುದಿಲ್ಲ, ಸಂಜೆ ತಂಪು ಇಳಿಯುವ ಮೊದಲೇ ಒಳಗೆ. ಮಳೆಗಾಲದಲ್ಲಿ ತರಕಾರಿಯಿಲ್ಲದ ದಿನ ನಾಲ್ಕು ಎಸಳು ನೆನೆಸಿ, ಕಾಯಿತುರಿ, ಜೀರಿಗೆ, ಕಾಳುಮೆಣಸಿನೊಡನೆ ರುಬ್ಬಿ ಮಜ್ಜಿಗೆ ಬೆರೆಸಿದರೆ ತಂಬುಳಿ ಸಿದ್ಧ. ವರ್ಷದ ಅಷ್ಟೂ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಫಲ ಅದು.

ಪೇಟೆಯಲ್ಲಿ ಸಿಗುವ ದಪ್ಪ ನೆಲ್ಲಿ ತೋಟದ ತಳಿ. ಎನ್‌ಎ-7, ಚಕೈಯಾ ಮುಂತಾದವು ಉತ್ತರ ಪ್ರದೇಶದಿಂದ ಬಂದವು. ಮುರಬ್ಬಕ್ಕೆ ಅವು ಒಳ್ಳೆಯವು. ಉಪ್ಪುನೀರಿಗೆ, ಚಟ್ಟಿಗೆ ಮಾತ್ರ ಬೆಟ್ಟದ ಸಣ್ಣ ಕಾಯಿಯ ಒಗರೇ ಬೇಕು.

ಈ ಕಾಯಿಯನ್ನು ನಂಬಿ ಬದುಕಿದವರೂ ಇದ್ದಾರೆ. ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ನೆಲ್ಲಿ ತಲೆತಲಾಂತರದ ಕಿರು ಅರಣ್ಯ ಉತ್ಪನ್ನ. ಅಲ್ಲಿನ ಮರಗಳಿಗೆ ಬಂದಳಿಕೆ ಮುತ್ತಿ ಅನೇಕ ಮರಗಳು ಸೊರಗಿವೆ. ಹಿಂದೆ ಹಾಕುತ್ತಿದ್ದ ಸಣ್ಣ ತರಗೆಲೆ ಬೆಂಕಿ ನಿಂತ ಮೇಲೆ ಅದು ಹೆಚ್ಚಿತು ಎನ್ನುವುದು ಸೋಲಿಗರ ಅನುಭವ. ಸಂಶೋಧಕರು ಆ ಮಾತನ್ನು ಗಂಭೀರವಾಗಿ ತೆಗೆದುಕೊಂಡು ಅಧ್ಯಯನ ಮಾಡಿದ್ದಾರೆ. 2011ರಲ್ಲಿ ಅಲ್ಲಿನ ಸೋಲಿಗರ ಸಮುದಾಯ ಅರಣ್ಯ ಹಕ್ಕಿಗೆ ಮನ್ನಣೆ ದೊರೆಯಿತು. ಮರದ ಕಷ್ಟವನ್ನು ಕಾಯಿ ಕೊಯ್ಯುವವರೇ ಮೊದಲು ಕಂಡದ್ದು ನನಗೆ ಆಶ್ಚರ್ಯವೆನಿಸುವುದಿಲ್ಲ.

ಉತ್ಥಾನ ದ್ವಾದಶಿಯ ದಿನ ತುಳಸಿಯ ಪಕ್ಕದಲ್ಲಿ ನೆಲ್ಲಿಯ ಕೊಂಬೆ ನೆಟ್ಟು ಪೂಜೆ ಮಾಡುವ ಪದ್ಧತಿ ನಾಡಿನ ತುಂಬ ಇದೆ. ಹಬ್ಬದ ಹಿಂದಿನ ದಿನ ಪೇಟೆ ಬೀದಿಯಲ್ಲಿ ಆಳೆತ್ತರದ ಟೊಂಗೆಗಳು, ಎಳೆಕಾಯಿ ಸಮೇತ, ರಾಶಿ ಬಿದ್ದಿರುತ್ತವೆ. ಕಂಡಾಗ ಕರುಳು ಚುರುಕ್ಕೆನ್ನುತ್ತದೆ. ಈ ಕಾರ್ತಿಕದಲ್ಲಿ ಒಂದು ಸೇರಾದರೂ ಬೆಟ್ಟದ ನೆಲ್ಲಿ ತಂದು ಭರಣಿಗೆ ಹಾಕಿ ನೋಡಿ. ಬಿಡಿಕಾಯಿಯನ್ನೇ ಕೇಳಿ ಕೊಳ್ಳಿ. ತುಳಸಿಕಟ್ಟೆಗೆ ಗೇಣುದ್ದದ ಕೊಂಬೆ ಸಾಕು.